ಯೇಊರಿನಲ್ಲಿ ಟೆಂಟು ಹಾಕಬಹುದೇ?

ಸೊಸೆ: ಮಾವ, ಈ ಶನಿವಾರ ರಾತ್ರಿ ನಾನು ಮನೆಯಲ್ಲಿರುವುದಿಲ್ಲ. ಐರೋಲಿ ಆಫೀಸಿನ ಹತ್ತು ಹನ್ನೆರಡು ಮಂದಿ ಸೇರಿ ಯೇಊರಿಗೆ ಹೋಗುವುದೆಂದು ಮಾಡಿದ್ದೇವೆ. ಟೆಂಟು ಬಾಡಿಗೆಗೆ ಸಿಗುತ್ತದೆ. ರಾತ್ರಿ ಕಾಡಿನಲ್ಲೇ ಮಲಗಿ, ಬೆಳಿಗ್ಗೆ ಹಕ್ಕಿ ನೋಡಿಕೊಂಡು ವಾಪಸು. ನೀವು ಗುಡ್ಡ ಹತ್ತಿದವರಲ್ಲವಾ, ಯಾವ ಜಾಗ ಒಳ್ಳೆಯದು ಹೇಳಿ.

ಮಾವ: ಮಲಗಲಿಕ್ಕೆ ನಿಮ್ಮ ನಿಮ್ಮ ಮನೆ ಒಳ್ಳೆಯದು.

ಸೊಸೆ: ತಮಾಷೆ ಬೇಡ. ಥಾಣೆ ಸ್ಟೇಷನ್ನಿಂದ ಅಷ್ಟು ಹತ್ತಿರ, ಟಿಎಂಟಿ ಬಸ್ಸೇ ಹೋಗುತ್ತದೆ. ಅಲ್ಲಿ ಬೇಲಿಯೂ ಇಲ್ಲ, ಗೋಡೆಯೂ ಇಲ್ಲ.

ಮಾವ: ಬೇಲಿ ಇಲ್ಲವೆಂದರೆ ಯಜಮಾನನೂ ಇಲ್ಲವೆಂದಾಯಿತಾ ಮಾರಾಯ್ತಿ? ಯೇಊರು ಎಂದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಥಾಣೆ ಬದಿ. ದೊಡ್ಡ ಬಾಗಿಲು ಬೋರಿವಲಿಯಲ್ಲಿರುವುದರಿಂದ ಜನ ಅದನ್ನು ಬೋರಿವಲಿಯವರ ಪಾರ್ಕ್ ಎಂದುಕೊಂಡಿದ್ದಾರೆ. ಇರುವ ಸುಮಾರು 103 ಚದರ ಕಿಲೋಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಥಾಣೆ ಜಿಲ್ಲೆಯಲ್ಲೇ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಅದರೊಳಗೆ ಹೊಗುವುದೇ ತಪ್ಪು. ಬೆಂಕಿ ಹಾಕುವುದಂತೂ ಬೇರೆಯೇ ಅಪರಾಧ. ನಿಮ್ಮ ಪಟ್ಟಿಯಲ್ಲಿ ಕ್ಯಾಂಪ್ ಫೈರ್ ಇದೆ ತಾನೆ?

ಸೊಸೆ: ಇದೆ. ಬೆಂಕಿ ಇಲ್ಲದೆ ಕ್ಯಾಂಪ್ ಏನು ಬಂತು?

ಮಾವ: ಹಾಗಾದರೆ ಒಂದೇ ರಾತ್ರಿಯಲ್ಲಿ ಎರಡು ಕೇಸು.

ಸೊಸೆ: ಕಾಯ್ದೆ ಹೇಳುತ್ತೀರಿ, ಸರಿ. ಆದರೆ ಯೇಊರಿನ ಬಂಗಲೆಗಳಲ್ಲಿ ಶನಿವಾರ ರಾತ್ರಿ ಏನು ನಡೆಯುತ್ತದೆಂದು ಥಾಣೆಯಲ್ಲಿ ಯಾರಿಗೆ ಗೊತ್ತಿಲ್ಲ? ಡಿಜೆ, ಪಟಾಕಿ, ಬಾಟಲಿ. ಗೋಡೆ ಕಟ್ಟಿದವನಿಗೆ ರಾತ್ರಿ ಕಾಡು ಸಿಗುತ್ತದೆ, ಬಟ್ಟೆಯ ಟೆಂಟು ತಂದವರಿಗೆ ಕಾಯ್ದೆ ಸಿಗುತ್ತದೆ. ಇದು ಯಾವ ನ್ಯಾಯ?

ಮಾವ: ನ್ಯಾಯವಲ್ಲ. ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅಲ್ಲಿನ ಪಾಡಾಗಳ, ಅಂದರೆ ಹಾಡಿಗಳ, ವಾರ್ಲಿ ಆದಿವಾಸಿಗಳೂ ಊರಿನ ಪರಿಸರ ಕಾರ್ಯಕರ್ತರೂ ಆ ಗಲಾಟೆಯ ವಿರುದ್ಧ ವರ್ಷಗಟ್ಟಲೆ ದೂರು ಕೊಡುತ್ತಲೇ ಇದ್ದಾರೆ. ಆದರೆ ಅವರ ತಪ್ಪು ನಿನಗೆ ಪರವಾನಗಿ ಆಗುವುದಿಲ್ಲ. ಹನ್ನೆರಡು ಮಂದಿ ಹೋದರೆ ಆ ಗಲಾಟೆಗೆ ಇನ್ನೂ ಹನ್ನೆರಡು ಗಂಟಲು ಸೇರುತ್ತದೆ, ಅಷ್ಟೆ.

ಸೊಸೆ: ನಾವು ಗಲಾಟೆಯವರಲ್ಲ.

ಮಾವ: ಸ್ಪೀಕರ್ ಯಾರು ತರುವುದು?

ಸೊಸೆ: ...ಸಣ್ಣದು ಮಾವ, ಬ್ಲೂಟೂತ್.

ಮಾವ: ಆ ಗುಡ್ಡದಲ್ಲಿ ರಾತ್ರಿ ಓಡಾಡುವವನಿಗೆ ಸಣ್ಣದೂ ದೊಡ್ಡದೂ ಒಂದೇ. 2015ರಲ್ಲಿ ಕ್ಯಾಮೆರಾ ಇಟ್ಟು ಎಣಿಸಿದಾಗ ಉದ್ಯಾನ ಮತ್ತು ಸುತ್ತಮುತ್ತ 35 ಚಿರತೆಗಳು ಸಿಕ್ಕಿದವು. 2018ರಲ್ಲಿ 47. ಸುತ್ತಲೂ ಎರಡು ಕೋಟಿ ಜನರಿರುವ ಕಾಡಿನ ಲೆಕ್ಕ ಇದು. ಹಗಲು ಅವು ಕಣ್ಣಿಗೆ ಬೀಳುವುದಿಲ್ಲ, ಕತ್ತಲಾದ ಮೇಲೆ ಅಂಚಿಗೆ ಬರುತ್ತವೆ. ನಾವು ಎಸೆದ ಕಸಕ್ಕೆ ಬೀದಿನಾಯಿ ಬರುತ್ತದೆ, ನಾಯಿಗೆ ಚಿರತೆ ಬರುತ್ತದೆ. ಅದರ ಊಟದಲ್ಲಿ ದೊಡ್ಡ ಪಾಲು ನಾಯಿಯದೇ ಎಂದು ಅಧ್ಯಯನ ಮಾಡಿದವರು ಹೇಳಿದ್ದಾರೆ. ನೀವು ತಿಂದು ಬಿಟ್ಟ ಚಿಕನ್ ಎಲುಬಿಗೂ ನಿಮ್ಮ ಟೆಂಟಿಗೂ ಎಷ್ಟು ಅಂತರ ಇರುತ್ತದೆ?

ಸೊಸೆ: ಹೆದರಿಸುತ್ತಿದ್ದೀರಿ.

ಮಾವ: ಚಿರತೆಗೆ ಹೆದರಬೇಕೆಂದು ನಾನು ಹೇಳುತ್ತಿಲ್ಲ. 2004ರ ಕಥೆ ಗೊತ್ತುಂಟಾ? ಆ ವರ್ಷ ಜೂನ್ ತಿಂಗಳೊಂದರಲ್ಲೇ ಉದ್ಯಾನದ ಸುತ್ತ ಹಲವರು ಚಿರತೆಯ ಬಾಯಿಗೆ ಹೋದರು. ಎಲ್ಲರೂ ಚಿರತೆಗೆ ಬೈದರು. ಆಮೇಲೆ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಅವರಂಥವರು ಜುನ್ನರ್ ಕಡೆಯ ಅನುಭವ ಹಿಡಿದು ಬೇರೆ ಮಾತು ಹೇಳಿದರು. ಒಂದು ಕಡೆ ಹಿಡಿದ ಚಿರತೆಯನ್ನು ಅದಕ್ಕೆ ಗೊತ್ತಿಲ್ಲದ ಮತ್ತೊಂದು ಕಾಡಿಗೆ ತಂದು ಬಿಟ್ಟರೆ ದಾಳಿ ಹೆಚ್ಚುತ್ತದೆ ಎಂದು. ಹಿಡಿದು ಸಾಗಿಸುವುದನ್ನು ಕಡಿಮೆ ಮಾಡಿದರು. 2011ರಿಂದ ಅರಣ್ಯ ಇಲಾಖೆ, ವಿಜ್ಞಾನಿಗಳು, ಊರವರು ಸೇರಿ ‘ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ’ ಎಂದು ಮನೆಮನೆಗೆ ಹೇಳುತ್ತಾ ಹೋದರು: ಕಸ ಹಾಕಬೇಡಿ, ರಾತ್ರಿ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ, ಕಂಡರೆ ಮುತ್ತಬೇಡಿ. ಪರಿಸ್ಥಿತಿ ತುಂಬಾ ಸುಧಾರಿಸಿತು.

ಸೊಸೆ: 2019ರಲ್ಲಿ ಥಾಣೆಯ ಕೋರಂ ಮಾಲ್‌ಗೆ ಚಿರತೆ ಬಂದದ್ದು ನನಗೆ ನೆನಪಿದೆ. ಸಿಸಿಟಿವಿ ವಿಡಿಯೋ ಎಲ್ಲರ ಫೋನಿನಲ್ಲೂ ಇತ್ತು. 2022ರಲ್ಲಿ ಕಲ್ಯಾಣ್ ಪೂರ್ವದಲ್ಲಿ ಒಂದು ಕಟ್ಟಡದೊಳಗೇ ನುಗ್ಗಿತ್ತು.

ಮಾವ: ಹೌದು. ಅದು ಮಾಲ್‌ಗೆ ಬಂದರೆ ನಮಗೆ ಸುದ್ದಿ. ನಾವು ಅದರ ಮನೆಗೆ ಹೋಗಿ ಸ್ಪೀಕರ್ ಹಾಕಿದರೆ ವೀಕೆಂಡ್. ಅಜೋಬಾನ ಬಗ್ಗೆ ಹೇಳುತ್ತೇನೆ, ಕೇಳು. 2009ರಲ್ಲಿ ಅಹಮದ್‌ನಗರ ಜಿಲ್ಲೆಯಲ್ಲಿ ಬಾವಿಗೆ ಬಿದ್ದ ಗಂಡು ಚಿರತೆ. ವಯಸ್ಸಾದವನಂತೆ ಗಂಭೀರವಾಗಿ ಕೂತಿತ್ತಂತೆ, ಅದಕ್ಕೇ ಮರಾಠಿಯಲ್ಲಿ ಅಜ್ಜ ಎಂದು ಹೆಸರಿಟ್ಟರು. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಮಾಳ್ಶೇಜ್ ಘಾಟಿಯಲ್ಲಿ ಬಿಟ್ಟರು. ಅದು ಅಲ್ಲಿ ನಿಲ್ಲಲಿಲ್ಲ. ಪಶ್ಚಿಮಕ್ಕೆ ಹೊರಟಿತು. ಹೆದ್ದಾರಿ ದಾಟಿತು, ಕಸಾರಾ ಸ್ಟೇಷನ್ ಹತ್ತಿರ ಹಳಿ ದಾಟಿತು. ನಾವು ಕಲ್ಯಾಣಿನಲ್ಲಿ ಕಸಾರಾ ಲೋಕಲಿಗೆ ಕಾಯುತ್ತೇವಲ್ಲ, ಅದೇ ಹಳಿ. ತುಂಗಾರೇಶ್ವರದ ಕಾಡು, ವಸಾಯಿಯ ಕಾರ್ಖಾನೆಗಳ ಪ್ರದೇಶ, ಎಲ್ಲ ದಾಟಿ ಕೊನೆಗೆ ಖಾಡಿಯನ್ನೇ ಈಜಿ ಸಂಜಯ್ ಗಾಂಧಿ ಉದ್ಯಾನ ಸೇರಿತು. ಸುಮಾರು 120 ಕಿಲೋಮೀಟರ್, ಒಂದು ತಿಂಗಳೊಳಗೆ. ದಾರಿಯುದ್ದಕ್ಕೂ ಜನ, ಒಬ್ಬರನ್ನೂ ಮುಟ್ಟಲಿಲ್ಲ.

ಸೊಸೆ: ಆಮೇಲೆ?

ಮಾವ: 2011ರ ಡಿಸೆಂಬರಿನಲ್ಲಿ ಮುಂಬಯಿ–ಅಹಮದಾಬಾದ್ ಹೆದ್ದಾರಿಯಲ್ಲಿ ಯಾವುದೋ ವಾಹನ ಹೊಡೆದು ಸತ್ತಿತು. 2014ರಲ್ಲಿ ಅದರ ಹೆಸರಲ್ಲಿ ಮರಾಠಿ ಸಿನಿಮಾ ಬಂತು. ಅದು ನಡೆದದ್ದೆಲ್ಲ ಹೆಚ್ಚಾಗಿ ರಾತ್ರಿ. ನಮಗೆ ಇಡೀ ಹಗಲು ಉಂಟು, ಇಡೀ ಊರು ಉಂಟು. ರಾತ್ರಿ ಹೊತ್ತಿನ ಆ ಗುಡ್ಡವೊಂದನ್ನು ಬಿಟ್ಟುಕೊಡಲಿಕ್ಕೆ ಆಗುವುದಿಲ್ಲವಾ?

ಸೊಸೆ: ನಿಜ ಹೇಳಲಾ ಮಾವ? ಚಿರತೆಯ ಹೆದರಿಕೆ ನನಗೆ ಅಷ್ಟಿಲ್ಲ. ರಾತ್ರಿ ಬೈಕಿನಲ್ಲಿ ಕುಡಿದು ಬರುವ ಹುಡುಗರದ್ದೇ ಹೆದರಿಕೆ. ನಮ್ಮ ಗುಂಪಿನ ಹುಡುಗಿಯರು ಕೇಳುವ ಮೊದಲ ಪ್ರಶ್ನೆಯೇ ಅದು, ಎರಡನೆಯದು ಶೌಚಾಲಯ ಎಲ್ಲಿ ಎಂದು. ನೀವು ಗಂಡಸರು ಗುಡ್ಡ ಹತ್ತುವ ಕಥೆ ಹೇಳುವಾಗ ಈ ಎರಡೂ ಬರುವುದೇ ಇಲ್ಲ.

ಮಾವ: ಬರುವುದಿಲ್ಲ, ಹೌದು. ಅದಕ್ಕೇ ಹೇಳುವುದು, ಜನವಸತಿ ಇರುವ ಕಡೆ, ಆ ಮನೆಯವರು ಬನ್ನಿ ಎಂದ ಕಡೆ ರಾತ್ರಿ ಕಳೆಯಬೇಕು. ನಮ್ಮ ಹೆಬ್ರಿಯ ಹತ್ತಿರ ಸೀತಾನದಿಯಲ್ಲಿ ನೋಡಿದ್ದಿಯಲ್ಲ? ಸೋಮೇಶ್ವರ ಅಭಯಾರಣ್ಯದ ಮಗ್ಗುಲಲ್ಲೇ ಟೆಂಟು. ಜಂಗಲ್ ಲಾಡ್ಜಸ್ ಎಂಬ ಸರ್ಕಾರದ ಸಂಸ್ಥೆ ನಡೆಸುವುದು. ಕೋಣೆಗೆ ನಂಬರು, ಊಟಕ್ಕೆ ಗಂಟೆ, ಕಾಡಿಗೆ ಹೋಗುವಾಗ ಜೊತೆಗೊಬ್ಬ.

ಸೊಸೆ: ಊರಿನ ಮಾತು ಬೇಡ ಮಾವ. ಊರಿನಲ್ಲೂ ಎಲ್ಲ ಸರಿಯಿದೆಯಾ? 2024ರ ಜನವರಿ 26ರ ರಜೆಗೆ ಕುಮಾರಪರ್ವತದಲ್ಲಿ ಸಾಲು ನಿಂತ ಜನರ ವಿಡಿಯೋ ನೋಡಿದೆನಲ್ಲ. ದಾದರ್ ಸ್ಟೇಷನ್ನೇ.

ಮಾವ: ಅದು ನೋಡಿದ ಮೇಲೆಯೇ ಅಲ್ಲಿ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮಾಡಿ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದರು. ಕೆಲವರು ಬೈದರು. ನಾನು ಬೈಯಲಿಲ್ಲ. ಇಲ್ಲಿನ ಗುಡ್ಡಗಳಿಗೂ ಅಂಥ ಲೆಕ್ಕ ಬರಬೇಕು.

ಸೊಸೆ: ಹಾಗಾದರೆ ಇಲ್ಲಿ ಎಲ್ಲಿ ಮಲಗಬಹುದು, ಅದನ್ನಾದರೂ ಹೇಳಿ.

ಮಾವ: ಪ್ರಬಲಮಾಚಿ. ಪನ್ವೇಲ್‌ನಿಂದ ಠಾಕೂರವಾಡಿ ತನಕ ಗಾಡಿ, ಆಮೇಲೆ ಹತ್ತಬೇಕು. ಪ್ರಬಲಗಡ ಮತ್ತು ಕಲಾವಂತೀಣ್ ದುರ್ಗದ ಬುಡದಲ್ಲಿ, ಗುಡ್ಡದ ಅರ್ಧದಲ್ಲಿ ಇರುವ ಊರು. ಅಲ್ಲಿಯ ಮನೆಯವರೇ ಅಂಗಳದಲ್ಲಿ ಟೆಂಟು ಹಾಕಿಕೊಡುತ್ತಾರೆ, ಅಕ್ಕಿ ರೊಟ್ಟಿ, ಪಿಠಲೆ ಮಾಡಿ ಬಡಿಸುತ್ತಾರೆ. ನೀನು ಕೊಟ್ಟ ದುಡ್ಡು ಅದೇ ಮನೆಗೆ ಹೋಗುತ್ತದೆ. ಶೌಚಾಲಯ ಹೇಗಿದೆ ಎಂದು ಮೊದಲೇ ಫೋನಿನಲ್ಲಿ ಕೇಳು, ಸಂಕೋಚ ಬೇಡ. ಡಿಸೆಂಬರ್, ಜನವರಿ ಒಳ್ಳೆಯದು.

ಸೊಸೆ: ಮಳೆಗಾಲದಲ್ಲಿ ಹೋಗಬೇಕು ಎನ್ನುತ್ತಾರೆ ಎಲ್ಲರೂ. ಹಸಿರು, ಮೋಡ, ಜಲಪಾತ.

ಮಾವ: ಮಳೆಗಾಲದ ರಾತ್ರಿ ಸಹ್ಯಾದ್ರಿಯ ಮಗ್ಗುಲಲ್ಲಿ ಬೇಡವೇ ಬೇಡ. ಪ್ರಬಲಗಡದ ಪಕ್ಕದ್ದೇ ಇರ್ಶಾಲಗಡ. ಅದರ ಬುಡದ ಇರ್ಶಾಲವಾಡಿಯಲ್ಲಿ ಚಾರಣಿಗರು ಚಹಾ ಕುಡಿಯುತ್ತಿದ್ದರು, ಊಟ ಮಾಡುತ್ತಿದ್ದರು. 2023ರ ಜುಲೈ 19ರ ರಾತ್ರಿ ಗುಡ್ಡ ಜಾರಿ ಆ ವಾಡಿಯ ಮೇಲೆಯೇ ಬಿತ್ತು. 27 ದೇಹಗಳು ಸಿಕ್ಕಿದವು. ಉಳಿದವರನ್ನು ಹುಡುಕುವುದನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಬೇಕಾಯಿತು. ಅಲ್ಲೇ ಹುಟ್ಟಿ ಬೆಳೆದವರಿಗೇ ಗುಡ್ಡ ಸುಳಿವು ಕೊಡಲಿಲ್ಲ, ಇನ್ನು ಡೊಂಬಿವಲಿಯಿಂದ ಹೋದವರಿಗೆ ಕೊಡುತ್ತದಾ?

ಸೊಸೆ: ಖಾರ್ಘರ್‌ನ ಪಾಂಡವಕಡಾದಲ್ಲಿ 2019ರ ಆಗಸ್ಟ್‌ನಲ್ಲಿ ನಾಲ್ಕು ಕಾಲೇಜು ಹುಡುಗಿಯರು ಕೊಚ್ಚಿಹೋದರಲ್ಲ. ಅದಾದ ಮೇಲೆ ಅಮ್ಮ ನನಗೆ ಜಲಪಾತ ಎಂಬ ಶಬ್ದ ಎತ್ತಲಿಕ್ಕೇ ಬಿಡುತ್ತಿರಲಿಲ್ಲ.

ಮಾವ: ಅಲ್ಲಿ ಪ್ರತಿ ಮಳೆಗಾಲವೂ ಪ್ರವೇಶ ನಿಷೇಧದ ಬೋರ್ಡು ಹಾಕುತ್ತಾರೆ. ಪ್ರತಿ ಮಳೆಗಾಲವೂ ಜನ ಬೋರ್ಡಿನ ಪಕ್ಕದಲ್ಲೇ ಫೋಟೊ ತೆಗೆದು ಒಳಗೆ ಹೋಗುತ್ತಾರೆ. ಲೋನಾವಳದ ಭೂಶಿ ಅಣೆಕಟ್ಟಿನ ಹಿಂದೆ 2024ರ ಜೂನ್ 30ರಂದು ಒಂದೇ ಕುಟುಂಬದ ಐವರು ಹೋದರು, ಅದನ್ನೂ ಯಾರೋ ಮೊಬೈಲಿನಲ್ಲಿ ತೆಗೆದಿದ್ದರು. ಮೇಲೆ ಘಾಟಿಯಲ್ಲಿ ಮಳೆ ಹೊಯ್ದರೆ ಕೆಳಗೆ ನಿಂತವನಿಗೆ ಬಿಸಿಲೇ ಕಾಣುತ್ತಿರುತ್ತದೆ. ನೀರು ಬರುವುದು ಆಮೇಲೆ, ಒಮ್ಮೆಲೇ.

ಸೊಸೆ: ಇಷ್ಟೆಲ್ಲ ಬೇಡ ಬೇಡ ಎಂದರೆ ಜನ ಕಾಡನ್ನು ನೋಡುವುದು ಯಾವಾಗ? ನೋಡದಿದ್ದರೆ ಉಳಿಸಬೇಕೆಂದು ಅನಿಸುವುದಾದರೂ ಹೇಗೆ? ಇದು ನಮ್ಮ ತೆರಿಗೆಯಲ್ಲೇ ನಡೆಯುವ ಕಾಡು ತಾನೆ?

ಮಾವ: ನೋಡಬೇಡ ಎನ್ನಲಿಲ್ಲ, ಹಗಲಲ್ಲಿ ನೋಡು ಎಂದೆ. ತೆರಿಗೆಯ ಮಾತು ತೆಗೆದೆಯಲ್ಲ, ಆ ಕಾಡು ಯಾಕೆ ಉಳಿದಿದೆ ಗೊತ್ತಾ? ಬ್ರಿಟಿಷರಿಗೆ ಚಿರತೆಯ ಮೇಲೆ ಪ್ರೀತಿ ಇದ್ದದ್ದರಿಂದಲ್ಲ. ಮುಂಬಯಿಗೆ ಕುಡಿಯುವ ನೀರಿಗಾಗಿ 1860ರಲ್ಲಿ ವಿಹಾರ್ ಕೆರೆ ಕಟ್ಟಿದರು, 1879ರಲ್ಲಿ ತುಳಸಿ. ಕೆರೆಗೆ ನೀರು ಹರಿದು ಬರುವ ಗುಡ್ಡವನ್ನು ಕಡಿಯಲಿಕ್ಕೆ ಬಿಡಲಿಲ್ಲ. 1892ರ ತಾನ್ಸಾ ಕೆರೆಯ ಸುತ್ತಲೂ ಅದೇ ಲೆಕ್ಕ, ಅದು ಈಗ ಅಭಯಾರಣ್ಯ. ಡೊಂಬಿವಲಿಯ ಈ ಮನೆಯ ನಲ್ಲಿಯಲ್ಲಿ ಬರುವುದು ಉಲ್ಹಾಸ್ ನದಿಯ ನೀರು. ಬದ್ಲಾಪುರದ ಆಚೆ, ಕಾಡಿನ ನಡುವಿನ ಬಾರವಿ ಅಣೆಕಟ್ಟಿನಿಂದ ಬಿಟ್ಟ ನೀರು ಅದಕ್ಕೆ ಸೇರುತ್ತದೆ. ನೀನು ಕಾಡಿಗೆ ಹೋಗದ ದಿನವೂ ಕಾಡು ನಿನ್ನ ಅಡುಗೆಮನೆಗೆ ಬರುತ್ತದೆ.

ಸೊಸೆ: ಸರಿ, ಹಗಲು ಎಂದೇ ಇಟ್ಟುಕೊಳ್ಳೋಣ. ಏನು ಕಾಣುತ್ತದೆ? ಹುಲಿ ಸಫಾರಿಯ ಬಸ್ಸು ಹತ್ತಿ ಬೋನಿನ ಹುಲಿ ನೋಡುವುದು ನನಗೆ ಬೇಡ.

ಮಾವ: ನನಗೂ ಬೇಡ. ಬೋರಿವಲಿಯಲ್ಲಿ ನೇಚರ್ ಇನ್ಫರ್ಮೇಶನ್ ಸೆಂಟರ್ ಉಂಟು, ಅವರು ಜೊತೆಗೆ ಬಂದು ಕಾಲುದಾರಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಶಿಲೋಂಡಾದ ತೊರೆಯ ದಾರಿ ಚೆನ್ನಾಗಿದೆ. ಯೇಊರಿನ ಬದಿ ಹೋದರೆ ಅರಣ್ಯ ಇಲಾಖೆಯ ನಾಕಾದಲ್ಲಿ ಕೇಳಿ, ಪಾಡಾದ ಒಬ್ಬರನ್ನು ಜೊತೆಗೆ ಕರೆದುಕೋ, ದಿನದ ಕೂಲಿ ಸರಿಯಾಗಿ ಕೊಡು. ಅವರು ತೋರಿಸುವುದು ನಮಗೆ ಕಣ್ಣಿದ್ದರೂ ಕಾಣುವುದಿಲ್ಲ. ಕಾರ್ವಿ ಗಿಡ ನೋಡಿದ್ದಿಯಾ?

ಸೊಸೆ: ನೇರಳೆ ಹೂವಿನದ್ದಲ್ಲವಾ? ಎಂಟು ವರ್ಷಕ್ಕೊಮ್ಮೆ ಬರುವುದು?

ಮಾವ: ಅದೇ. ನಮ್ಮ ಕೊಡಗಿನ, ಚಿಕ್ಕಮಗಳೂರಿನ ಕುರಿಂಜಿಯ ಬಳಗ. ಈ ಗುಡ್ಡಗಳಲ್ಲಿ 2008, 2016, 2024ರಲ್ಲಿ ಅರಳಿತು. ಹೂವು ಬಂದಾಗ ಎಲ್ಲರೂ ಓಡುತ್ತಾರೆ. ನಡುವಿನ ಏಳು ವರ್ಷ ಅದು ಬರೀ ಕಡ್ಡಿ. ವಾರ್ಲಿಗಳು ಆ ಕಡ್ಡಿಯನ್ನೇ ಹೆಣೆದು, ಮೇಲೆ ಮಣ್ಣು ಸೆಗಣಿ ಮೆತ್ತಿ ಮನೆಯ ಗೋಡೆ ಮಾಡುತ್ತಾರೆ. ಹುಲಿದೈವ ವಾಘೋಬಾನ ಕಲ್ಲೂ ಅವರಲ್ಲಿದೆ, ಹುಲಿ, ಸೂರ್ಯ, ಚಂದ್ರ ಕೊರೆದದ್ದು. ದೀಪಾವಳಿಯ ಹೊತ್ತಿಗೆ ವಾಘಬಾರಸದ ದಿನ ಪೂಜೆ. ನಮ್ಮಲ್ಲಿ ಪಿಲಿಚಾಮುಂಡಿಗೆ ಕೋಲ ಕೊಡುತ್ತೇವಲ್ಲ, ಅದನ್ನು ಕಂಡವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಸುಮ್ಮನೆ ಕೈಮುಗಿದು ಬರಬೇಕು, ಫೋಟೊ ಕೇಳಿ ತೆಗೆಯಬೇಕು.

ಸೊಸೆ: ನಮ್ಮ ಗುಂಪಿನಲ್ಲಿ ಇಬ್ಬರು ಅಮ್ಮಂದಿರನ್ನೂ ಕರೆದುಕೊಂಡು ಬರುತ್ತಾರಂತೆ. ಅವರಿಗೆ ಹತ್ತಲಿಕ್ಕಾಗುವುದಿಲ್ಲ. ಅದಕ್ಕೆ ನನ್ನಲ್ಲೇ ಒಂದು ಉಪಾಯ ಇದೆ, ಈಗ ನೀವು ಕೇಳಿ. ನಮ್ಮ ಆಫೀಸಿನ ಕಿಟಕಿಯಿಂದ ಕಾಣುವ ಕಾಂಡ್ಲಾ ಕಾಡೂ ಮೀಸಲು ಅರಣ್ಯವೇ. ಥಾಣೆ ಖಾಡಿಯ ಫ್ಲೆಮಿಂಗೋ ಅಭಯಾರಣ್ಯ 2015ರಲ್ಲಿ ಘೋಷಣೆಯಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಐರೋಲಿಯಲ್ಲೇ ಅರಣ್ಯ ಇಲಾಖೆಯ ಜೀವವೈವಿಧ್ಯ ಕೇಂದ್ರವಿದೆ. ಚಳಿಗಾಲ ಶುರುವಾದ ಮೇಲೆ ಅಲ್ಲಿಂದ ದೋಣಿಯಲ್ಲಿ ಕೂರಿಸಿ ಕರೆದುಕೊಂಡು ಹೋಗುತ್ತಾರೆ. ಕೆಸರಿನಲ್ಲಿ ಸಾವಿರಾರು ಗುಲಾಬಿ ಹಕ್ಕಿ. ಭರತದ ಹೊತ್ತು ನೋಡಿ ಬುಕ್ ಮಾಡಬೇಕು, ಅಷ್ಟೆ.

ಮಾವ: ಅದಕ್ಕೆ ನಾನೂ ಬರುತ್ತೇನೆ. ಮೊಣಕಾಲು ಈಗ ನನ್ನ ಮಾತು ಕೇಳುವುದಿಲ್ಲ. ಮೊದಲು ಆಸನಗಾಂವ್‌ನಲ್ಲಿ ಇಳಿದು ಮಾಹುಲಿ ಹತ್ತುತ್ತಿದ್ದೆವು, ಥಾಣೆ ಜಿಲ್ಲೆಯ ಎತ್ತರದ ಗುಡ್ಡಗಳಲ್ಲೊಂದು, 858 ಮೀಟರ್. ಅದು ತಾನ್ಸಾ ಕಾಡಿಗೆ ತಾಗಿದ ಗುಡ್ಡ. ಆ ತಾನ್ಸಾದಲ್ಲೇ 2014ರಲ್ಲಿ ಒಂದು ಸಣ್ಣ ಕಾಡುಗೂಬೆ ಸಿಕ್ಕಿತು, ಫಾರೆಸ್ಟ್ ಔಲೆಟ್. 1884ರ ನಂತರ ನೂರಕ್ಕೂ ಹೆಚ್ಚು ವರ್ಷ ಅದು ಇಲ್ಲವೇ ಇಲ್ಲ ಎಂದುಕೊಂಡಿದ್ದರು, 1997ರಲ್ಲಿ ಖಾನ್‌ದೇಶದ ಕಡೆ ಮತ್ತೆ ಕಂಡಿತು, ಆಮೇಲೆ ನಮ್ಮ ಕಸಾರಾ ಲೈನಿನ ಪಕ್ಕದಲ್ಲಿ. ನಾವು ಎಷ್ಟು ಸಲ ಅದರ ಮರದ ಕೆಳಗೇ ಕೂತು ವಡಾಪಾವ್ ತಿಂದಿದ್ದೇವೋ ಏನೋ.

ಸೊಸೆ: ಹಕ್ಕಿ ಮಾತ್ರ ನೋಡಬೇಕಾದವರಿಗೆ ಕರ್ನಾಳಾ ಸಾಕಲ್ಲವಾ?

ಮಾವ: ಸಾಕು. ಪನ್ವೇಲ್‌ನಿಂದ ಗೋವಾ ಹೆದ್ದಾರಿಯಲ್ಲೇ, ಎಸ್‌ಟಿ ಬಸ್ಸು ಬಾಗಿಲಲ್ಲಿ ಇಳಿಸುತ್ತದೆ. 1968ರ ಅಭಯಾರಣ್ಯ, ಸಣ್ಣದು, ಹನ್ನೆರಡು ಚದರ ಕಿಲೋಮೀಟರ್. ಬೆಳಿಗ್ಗೆ ಬೇಗ ಹೋಗಬೇಕು. ಹತ್ತು ಗಂಟೆಯ ಮೇಲೆ ಹಕ್ಕಿಗಿಂತ ಶಾಲಾ ಮಕ್ಕಳ ಸ್ವರವೇ ಜಾಸ್ತಿ.

ಸೊಸೆ: ಮತ್ತೆ ಕಾನ್ಹೇರಿ ಗುಹೆ? ಅದೂ ಉದ್ಯಾನದೊಳಗೇ ಅಲ್ಲವಾ. ಅಲ್ಲಿ ಕನ್ನಡದ ರಾಜನ ಹೆಸರಿದೆ ಎಂದು ಸಂಘದ ಕಾರ್ಯಕ್ರಮದಲ್ಲಿ ಯಾರೋ ಭಾಷಣದಲ್ಲಿ ಹೇಳಿದ್ದರು. ಭಾಷಣದ ಮಾತು ಎಂದು ನಾನು ನಂಬಿರಲಿಲ್ಲ.

ಮಾವ: ನಂಬು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಹೆಸರು ಅಲ್ಲಿಯ 9ನೇ ಶತಮಾನದ ಶಾಸನಗಳಲ್ಲಿದೆ. ಆಗ ಕೊಂಕಣ ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ನೃಪತುಂಗ ಕೂತದ್ದು ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಹೆಸರು ಕೊರೆದದ್ದು ಬೋರಿವಲಿಯ ಕಾಡಿನ ಬೌದ್ಧ ಗುಹೆಯಲ್ಲಿ. ನೂರಕ್ಕೂ ಹೆಚ್ಚು ಗುಹೆ. ಹಲವು ಗುಹೆಗಳ ಪಕ್ಕದಲ್ಲಿ ಮಳೆನೀರು ಹಿಡಿಯುವ ತೊಟ್ಟಿ, ಬಂಡೆಯಲ್ಲೇ ಕೊರೆದ ಕಾಲುವೆ, ಮಲಗಲಿಕ್ಕೆ ಕಲ್ಲಿನ ಜಗಲಿ. ಈ ಕಾಡಿನಲ್ಲಿ ರಾತ್ರಿ ಕಳೆಯುವ ಅಧಿಕಾರ ಯಾರಿಗಾದರೂ ಇದ್ದಿದ್ದರೆ ಆ ಭಿಕ್ಷುಗಳಿಗೆ ಇತ್ತು. ಅವರ ಹತ್ತಿರ ಸ್ಪೀಕರ್ ಇರಲಿಲ್ಲ.

ಸೊಸೆ: ಸ್ಪೀಕರನ್ನು ಇನ್ನು ಬಿಟ್ಟುಬಿಡಿ ಮಾವ. ಈಗ ಆಫೀಸಿನ ಗ್ರೂಪಿನಲ್ಲಿ ಏನೆಂದು ಹಾಕಲಿ? ಟೆಂಟಿಗೆ ಮುಂಗಡ ಬೇರೆ ಕೊಟ್ಟಾಗಿದೆ.

ಮಾವ: ಟೆಂಟಿನ ತಾರೀಖು ಡಿಸೆಂಬರಿಗೆ ಬದಲಿಸಿ ಎಂದು ಕೇಳು. ಒಪ್ಪದಿದ್ದರೆ ಮುಂಗಡ ಹೋಯಿತು, ಅರಣ್ಯ ಇಲಾಖೆಯ ದಂಡಕ್ಕಿಂತ ಕಡಿಮೆಯೇ. ಯೇಊರಿಗೆ ಹಗಲಿನಲ್ಲೇ ಹೋಗುವುದು, ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಥಾಣೆ ಸ್ಟೇಷನ್. ತಲೆಗೆ ಎರಡು ಲೀಟರ್ ನೀರು, ಉದ್ದ ಕೈಯ ಅಂಗಿ, ಮುಚ್ಚಿದ ಶೂ. ಚಿತ್ರಾನ್ನ ಸ್ಟೀಲ್ ಡಬ್ಬಿಯಲ್ಲಿ. ತಂದ ಕಸವನ್ನೆಲ್ಲ ಅದೇ ಚೀಲದಲ್ಲಿ ಡೊಂಬಿವಲಿಗೆ ವಾಪಸು ತರುವುದು. ನಾಲ್ಕು ಗಂಟೆಗೆ ನಾಕಾದಿಂದ ಹೊರಗೆ ಬಂದಿರಬೇಕು. ಇನ್ನೊಂದು ಮಾತು, ಸುಗಂಧ ಹಚ್ಚಿಕೊಂಡು ಬರಬೇಡಿ ಎನ್ನು, ಹೆಜ್ಜೇನಿನ ಗೂಡು ಇರುತ್ತದೆ.

ಸೊಸೆ: ಹನ್ನೆರಡರಲ್ಲಿ ಐದು ಮಂದಿ ಬಂದರೆ ಹೆಚ್ಚು. ಬೆಳಿಗ್ಗೆ ಆರೂವರೆ ಎಂದ ಕೂಡಲೇ ಉಳಿದವರಿಗೆ ಜ್ವರ ಬರುತ್ತದೆ.

ಮಾವ: ಐದು ಮಂದಿ ಸಾಕು. ಹಕ್ಕಿಗೂ ಅಷ್ಟೇ ಬೇಕಾದದ್ದು.

ಸೊಸೆ: ಕಾನ್ಹೇರಿಗೆ ನಾನು ಬೇರೆ ಹೋಗುತ್ತೇನೆ. ಸೋಮವಾರ ರಜೆ ಹಾಕಿದರೆ ಜನವೂ ಕಡಿಮೆ ಇರುತ್ತದೆ.

ಮಾವ: ಸೋಮವಾರ ಹೋಗಿ ಏನು ಮಾಡುತ್ತೀ? ಉದ್ಯಾನಕ್ಕೆ ವಾರದ ರಜೆಯೇ ಸೋಮವಾರ, ಬೋರಿವಲಿಯ ಬಾಗಿಲು ತೆರೆಯುವುದಿಲ್ಲ. ಮಂಗಳವಾರ ಹೋಗು.